ಸಕ್ಕರೆ ಕಾಯಿಲೆಗೆ ಮೆಂತ್ಯ: ಎಷ್ಟು, ಹೇಗೆ?

ಮಾಗಡಿಯ ಕೆಂಪು ಮಣ್ಣಿನ ಹಿತ್ತಲಲ್ಲಿ ಮೆಂತ್ಯ ಸುಲಭವಾಗಿ ಬರುತ್ತದೆ. ಸೊಪ್ಪಿಗಾದರೆ 25–30 ದಿನ ಸಾಕು. ಆದರೆ ಸಕ್ಕರೆ ಕಾಯಿಲೆಯಲ್ಲಿ ನೆರವಾಗುವುದು ಮುಖ್ಯವಾಗಿ ಕಾಳು. ಅದರಲ್ಲಿರುವ ಲೋಳೆಯಂಥ ನಾರು, ಊಟದ ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನಗೊಳಿಸುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇನ್ಸುಲಿನ್ ಪಡೆಯುತ್ತಿದ್ದ ರೋಗಿಗಳಿಗೆ ಜಿಡ್ಡು ತೆಗೆದ ಮೆಂತ್ಯದ ಪುಡಿಯನ್ನು ದಿನಕ್ಕೆ 100 ಗ್ರಾಂ ಕೊಟ್ಟಾಗ ಸಕ್ಕರೆ ಇಳಿಯಿತು. ಒಗ್ಗರಣೆಯ ಚಿಟಿಕೆಯಿಂದ ಅಷ್ಟು ಫಲ ಬಾರದು.

ಬಳಸುವ ಕ್ರಮ: ಒಂದೆರಡು ಚಮಚ ಕಾಳನ್ನು ರಾತ್ರಿ ನೆನೆಹಾಕಿ, ಕಾಳುಸಹಿತ ಸೇವಿಸಿ. ಮುದ್ದೆಯ ಗಾತ್ರವನ್ನೂ ಇಳಿಸಿ.

ಎಚ್ಚರಿಕೆ: ಔಷಧಿ ಲೇಪಿಸಿದ ಬಿತ್ತನೆ ಬೀಜವನ್ನು ತಿನ್ನಲೇಬಾರದು. ಮೆಂತ್ಯ ತಿನ್ನುತ್ತಿದ್ದೇವೆಂದು ಮಾತ್ರೆ, ಇನ್ಸುಲಿನ್ ನಿಲ್ಲಿಸಬೇಡಿ. ಎರಡೂ ಸೇರಿ ಸಕ್ಕರೆ ಮಿತಿಮೀರಿ ಇಳಿಯಲೂಬಹುದು. ಆದ್ದರಿಂದ ವೈದ್ಯರಿಗೆ ತಿಳಿಸಿಯೇ ಆರಂಭಿಸಿ.