ಒಂದು ಅಕ್ಷರದ ಬೆಲೆ
(ಹೈಸ್ಕೂಲಿಗೂ ಕಾಲೇಜಿಗೂ ಹೋಗುವವರು ಈಗಲೇ ತಿಳಿದಿರಬೇಕಾದ ವಿಷಯಗಳು)



ನಮ್ಮ ಶಾಲೆ ಇರುವುದು ಏಳನೇ ತರಗತಿಯ ತನಕ. ಮುಂದಿನ ವರ್ಷ ನಾವು ಹೈಸ್ಕೂಲಿಗೆ ಹೋಗಬೇಕು, ಆಮೇಲೆ ಕಾಲೇಜು. ಕಾಲೇಜಿನ ವಿಚಾರ ಈಗ್ಯಾಕೆ, ಅದಕ್ಕಿನ್ನೂ ಟೈಮಿದೆ ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದ್ಕೊಂಡಿದ್ದೆ. ನಮ್ಮ ಅಕ್ಕನಿಗೆ ಆದದ್ದನ್ನು ನೋಡಿದ ಮೇಲೆ ಹಾಗೆ ಅನ್ನಿಸ್ತಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಕ್ಕ ಎಸ್‌ಎಸ್‌ಎಲ್‌ಸಿಯಲ್ಲಿ ಒಳ್ಳೆಯ ಅಂಕ ತೆಗೆದು ಹೋಬಳಿಯ ಸಣ್ಣ ಕಾಲೇಜಿಗೆ ಸೇರಿದಳು. ವಿದ್ಯಾರ್ಥಿ ವೇತನಕ್ಕೆ ಅರ್ಜಿ ಹಾಕಲು ಅಪ್ಪನ ಜೊತೆ ಕಂಪ್ಯೂಟರ್ ಅಂಗಡಿಗೆ ಹೋದಳು. ಅಲ್ಲಿದ್ದ ಅಣ್ಣ ಎಲ್ಲ ಕಾಗದ ನೋಡಿ, "ಹೆಸರು ಹೊಂದ್ತಾ ಇಲ್ಲಮ್ಮ, ಅರ್ಜಿ ಮುಂದಕ್ಕೆ ಹೋಗ್ತಿಲ್ಲ" ಅಂದರು. ಅಂಕಪಟ್ಟಿಯಲ್ಲಿ ಅಕ್ಕನ ಹೆಸರಿನ ಜೊತೆ ಇನಿಷಿಯಲ್ ಇತ್ತು. ಆಧಾರ್ ಕಾರ್ಡಿನಲ್ಲಿ ಅದು ಇರಲಿಲ್ಲ. ಅಷ್ಟೇ ವ್ಯತ್ಯಾಸ. ಒಂದೇ ಒಂದು ಅಕ್ಷರ.

ಅದನ್ನು ಸರಿ ಮಾಡಿಸಲು ಅಪ್ಪ ಮೂರು ದಿನ ಕೂಲಿ ಬಿಟ್ಟರು. ಮೊದಲ ದಿನ ಆಧಾರ್ ಕೇಂದ್ರದಲ್ಲಿ ಟೋಕನ್ ಮುಗಿದಿತ್ತು. ಎರಡನೇ ದಿನ ನೆಟ್‌ವರ್ಕ್ ಇರಲಿಲ್ಲ. ಮೂರನೇ ದಿನ ಅರ್ಜಿ ತಗೊಂಡರು. ಆದರೆ ಹೆಸರು ತಿದ್ದಿ ಬರುವಷ್ಟರಲ್ಲಿ ವಿದ್ಯಾರ್ಥಿ ವೇತನದ ಕೊನೇ ದಿನಾಂಕ ಮುಗಿದೇ ಹೋಗಿತ್ತು. ಆ ದುಡ್ಡಲ್ಲಿ ಪುಸ್ತಕ ತಗೊಳ್ತೀನಿ ಅಂತ ಅಕ್ಕ ಹೇಳ್ತಾ ಇದ್ದಳು. ಆ ವರ್ಷ ಪಕ್ಕದ ಬೀದಿಯವರ ಹಳೇ ಪುಸ್ತಕ ಇಸ್ಕೊಂಡು ಓದಿದಳು. ಅಪ್ಪ ಯಾರಿಗೂ ಬೈಯಲಿಲ್ಲ. "ನನಗೆ ಓದೋಕೆ ಬಂದಿದ್ದರೆ ಆಗಲೇ ನೋಡ್ತಿದ್ದೆ" ಅಂದರು. ಆ ಮಾತು ಕೇಳಿ ನನಗೆ ತುಂಬಾ ಬೇಜಾರಾಯಿತು. ಯಾಕೆಂದರೆ ಓದೋಕೆ ಬರುವವರು ಮನೆಯಲ್ಲಿ ನಾವೇ ಇದ್ದೆವು. ನಾವೂ ನೋಡಿರಲಿಲ್ಲ.

ಈಗ ನಾವು ಏನೇನು ಮಾಡಬೇಕು ಎಂಬುದನ್ನು ಗುರುಗಳನ್ನೂ ಅಕ್ಕನನ್ನೂ ಕೇಳಿ ತಿಳಿದು ಬರೆದಿದ್ದೇನೆ.

1. ಮೂರು ಕಾಗದ ಹೋಲಿಸಿ ನೋಡಿ

ಆಧಾರ್ ಕಾರ್ಡ್, ಜನನ ಪ್ರಮಾಣ ಪತ್ರ, ಶಾಲೆಯ ದಾಖಲಾತಿ ಈ ಮೂರರಲ್ಲಿ ನಾಲ್ಕು ವಿಷಯ ನೋಡಬೇಕು: ನಮ್ಮ ಹೆಸರು, ಇನಿಷಿಯಲ್, ತಂದೆ ತಾಯಿಯ ಹೆಸರು, ಹುಟ್ಟಿದ ದಿನಾಂಕ. ಕನ್ನಡದಲ್ಲಿ ಸರಿ ಇದ್ದರೆ ಸಾಲದು, ಇಂಗ್ಲಿಷ್ ಅಕ್ಷರಗಳನ್ನೂ ಒಂದೊಂದಾಗಿ ನೋಡಬೇಕು. ಲಕ್ಷ್ಮಿ ಎಂಬ ಹೆಸರನ್ನೇ ತಗೊಳ್ಳಿ. ಒಬ್ಬರು ನಡುವೆ 'ಕೆ, ಎಸ್, ಎಚ್' ಹಾಕಿ ಬರೀತಾರೆ, ಇನ್ನೊಬ್ಬರು 'ಎಕ್ಸ್' ಹಾಕಿ ಬರೀತಾರೆ. ನಾವು ಓದುವಾಗ ಎರಡೂ ಲಕ್ಷ್ಮಿಯೇ. ಕಂಪ್ಯೂಟರಿಗೆ ಇಬ್ಬರು ಬೇರೆ ಬೇರೆ ಹುಡುಗಿಯರು.

ತಪ್ಪು ಕಂಡರೆ ಮೊದಲು ಮುಖ್ಯೋಪಾಧ್ಯಾಯರಿಗೆ ಹೇಳಿ. ಯಾವ ಕಾಗದ ತಿದ್ದಿಸಬೇಕು ಅಂತ ಅವರು ಹೇಳ್ತಾರೆ. ನೀವೇ ಹೋಗಿ ಸುಮ್ಮನೆ ಆಧಾರ್ ಬದಲಾಯಿಸಬೇಡಿ. ಆಧಾರ್‌ನಲ್ಲಿ ಹೆಸರನ್ನು ಎರಡು ಸಲ, ಹುಟ್ಟಿದ ದಿನಾಂಕವನ್ನು ಒಂದೇ ಸಲ ತಿದ್ದಲು ಅವಕಾಶ. 15 ವರ್ಷ ತುಂಬಿದ ಮೇಲೆ ಬೆರಳಚ್ಚು, ಕಣ್ಣಿನ ಗುರುತು ಮತ್ತು ಫೋಟೋವನ್ನು ಹೊಸದಾಗಿ ಕೊಡಬೇಕು. ಅದನ್ನೂ ಮರೆಯಬೇಡಿ.

ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಮುಂಚೆ ನಮ್ಮ ವಿವರ ಇರುವ ಪಟ್ಟಿಯನ್ನು ತೋರಿಸಿ ಸಹಿ ತಗೊಳ್ತಾರಂತೆ. ಗಡಿಬಿಡಿಯಲ್ಲಿ ಓದದೇ ಸಹಿ ಹಾಕಬಾರದು. ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದಿಸಬೇಕಾದರೆ ಅದು ಪರೀಕ್ಷಾ ಮಂಡಳಿಗೇ ಹೋಗಬೇಕು.

2. ಜಾತಿ ಮತ್ತು ಆದಾಯ ಪ್ರಮಾಣ ಪತ್ರ

ಇದನ್ನು ನಾಡಕಚೇರಿಯಲ್ಲಿ ಮಾಡಿಸುತ್ತಾರೆ. ಇದರ ಮೇಲೆ 'ಆರ್‌ಡಿ' ಎಂದು ಶುರುವಾಗುವ ಉದ್ದದ ನಂಬರ್ ಇರುತ್ತದೆ. ವಿದ್ಯಾರ್ಥಿ ವೇತನದ ಅರ್ಜಿಗೆ ಆ ನಂಬರ್ ಬೇಕೇ ಬೇಕು. ಆದಾಯ ಪತ್ರದ ಅವಧಿ 5 ವರ್ಷ. ನಿಮ್ಮ ಮನೆಯದು ಯಾವಾಗ ಮುಗಿಯುತ್ತದೆ ಎಂದು ನೋಡಿ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಶಾಲೆ ಶುರುವಾಗುವ ತಿಂಗಳಲ್ಲಿ ನಾಡಕಚೇರಿಯಲ್ಲಿ ಜನ ಜಾಸ್ತಿ. ಅದಕ್ಕೆ ಬೇಸಿಗೆ ರಜದಲ್ಲೇ ಮಾಡಿಸುವುದು ಒಳ್ಳೆಯದು.

3. ಬ್ಯಾಂಕ್ ಖಾತೆ

ವಿದ್ಯಾರ್ಥಿ ವೇತನ ಕೈಗೆ ಕೊಡುವುದಿಲ್ಲ, ಖಾತೆಗೆ ಬರುತ್ತದೆ. 10 ವರ್ಷ ತುಂಬಿದವರು ತಮ್ಮ ಹೆಸರಿನಲ್ಲೇ ಖಾತೆ ತೆರೆಯಬಹುದು. ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಎಂದು ಬ್ಯಾಂಕಿನಲ್ಲಿ ಕೇಳಿ. ಎರಡು ವರ್ಷ ದುಡ್ಡು ಹಾಕದೆ, ತೆಗೆಯದೆ ಬಿಟ್ಟರೆ ಖಾತೆ ನಿಂತು ಹೋಗುತ್ತದೆ. ಯಾರಾದರೂ ಫೋನ್ ಮಾಡಿ ಓಟಿಪಿ ಕೇಳಿದರೆ ಹೇಳಬಾರದು. ಬ್ಯಾಂಕಿನವರು ಅಂದರೂ ಹೇಳಬಾರದು.

4. ಏಳನೇ ತರಗತಿಯವರಿಗೆ ಮುಖ್ಯ ಸುದ್ದಿ: ಎನ್‌ಎಂಎಂಎಸ್ ಪರೀಕ್ಷೆ

ಇದು ಕೇಂದ್ರ ಸರ್ಕಾರದ ವಿದ್ಯಾರ್ಥಿ ವೇತನದ ಪರೀಕ್ಷೆ. ಎಂಟನೇ ತರಗತಿಯಲ್ಲಿ ಬರೆಯಬೇಕು. ಸರ್ಕಾರಿ ಮತ್ತು ಅನುದಾನಿತ ಶಾಲೆಯವರು ಬರೆಯಬಹುದು. ಮನೆಯ ವರ್ಷದ ಆದಾಯ 3,50,000 ರೂಪಾಯಿ ದಾಟಿರಬಾರದು. ಆಯ್ಕೆಯಾದರೆ ಒಂಬತ್ತನೇ ತರಗತಿಯಿಂದ ದ್ವಿತೀಯ ಪಿಯುಸಿ ತನಕ ವರ್ಷಕ್ಕೆ 12,000 ರೂಪಾಯಿ. ನಾಲ್ಕೂ ವರ್ಷ ಬಂದರೆ ಒಟ್ಟು 48,000 ರೂಪಾಯಿ!

ಎರಡು ಪತ್ರಿಕೆ ಇರುತ್ತವೆ. ಒಂದು ಬುದ್ಧಿಶಕ್ತಿಯದು, ಇನ್ನೊಂದು ಗಣಿತ, ವಿಜ್ಞಾನ, ಸಮಾಜದ ಪಾಠಗಳದು. ಒಂದೊಂದಕ್ಕೂ 90 ಪ್ರಶ್ನೆ, 90 ನಿಮಿಷ. ಅಂದರೆ ಒಂದು ಪ್ರಶ್ನೆಗೆ ಒಂದೇ ನಿಮಿಷ. ಗೊತ್ತಿಲ್ಲದ ಪ್ರಶ್ನೆ ಬಿಟ್ಟು ಮುಂದೆ ಹೋಗಿ, ಕೊನೆಗೆ ತಿರುಗಿ ಬರಬೇಕು.

ಇದರಲ್ಲಿ ನಮಗೆ ಒಂದು ಎಚ್ಚರಿಕೆ ಇದೆ. ಈ ಪರೀಕ್ಷೆಗೆ ಕೂರಬೇಕಾದರೆ ಏಳನೇ ತರಗತಿಯಲ್ಲಿ ಶೇಕಡಾ 55 ಅಂಕ ಇರಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇಕಡಾ 50. ಏಳನೇ ತರಗತಿ ತಾನೇ, ಹೇಗೂ ಪಾಸಾಗ್ತೀವಿ ಅಂತ ಸುಮ್ಮನೆ ಇರಬೇಡಿ.

5. ಬಸ್ಸಿನ ವಿಷಯ

ಹುಡುಗಿಯರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸಿಗೆ ದುಡ್ಡು ಕೊಡಬೇಕಾಗಿಲ್ಲ. ಆದರೆ ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಜೊತೆಗಿರಬೇಕು. ಹುಡುಗರು ಪ್ರತಿ ವರ್ಷ ವಿದ್ಯಾರ್ಥಿ ಪಾಸ್ ಮಾಡಿಸಬೇಕು. ಅಲ್ಲೂ ಹೆಸರು ಸರಿ ಇರಬೇಕು!

6. ಒಂದು ಚೀಲ, ಒಂದು ಜಾಗ

ನಮ್ಮ ಮನೆಯಲ್ಲಿ ಒಂದು ಕಾಗದ ಟ್ರಂಕಿನಲ್ಲಿ, ಒಂದು ದೇವರ ಫೋಟೋ ಹಿಂದೆ, ಒಂದು ಅವ್ವನ ಸೀರೆ ಮಡಿಕೆಯಲ್ಲಿ ಇತ್ತು. ಈಗ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಗೋಡೆಯ ಮೊಳೆಗೆ ತೂಗು ಹಾಕಿದ್ದೇವೆ. ಮಳೆ ಸೋರಿದರೂ ನೆನೆಯುವುದಿಲ್ಲ. ಜೆರಾಕ್ಸ್ ಎರಡೆರಡು ಇಟ್ಟುಕೊಳ್ಳಿ. ಅಸಲು ಕಾಗದ ಯಾರಿಗೂ ಕೊಟ್ಟು ಬರಬೇಡಿ.

ಕೊನೆಗೆ ನನ್ನದೇ ವಿಷಯ ಹೇಳುತ್ತೇನೆ. ಇದನ್ನು ಬರೆಯುವ ಮುಂಚೆ ನನ್ನ ಕಾಗದಗಳನ್ನು ಹೋಲಿಸಿ ನೋಡಿದೆ. ಆಧಾರ್‌ನಲ್ಲಿ ನಾನು ಹುಟ್ಟಿದ್ದು ಜನವರಿ 1 ಎಂದಿದೆ. ಶಾಲೆಯಲ್ಲಿ ಬೇರೆ ತಾರೀಖು ಇದೆ. ಬೆಂಚಿನ ಗೆಳತಿಗೆ ತೋರಿಸಿದೆ, ಅವಳದ್ದೂ ಜನವರಿ 1! ಇಬ್ಬರೂ ನಕ್ಕೆವು. ಆಮೇಲೆ ಅಕ್ಕನ ನೆನಪಾಗಿ ಸುಮ್ಮನಾದೆವು. ರಾಗಿ ಕೊಯ್ಲು ಮುಗಿದ ಮೇಲೆ ಮಾಡಿಸೋಣ ಅಂತ ಅಪ್ಪ ಹೇಳಿದ್ದಾರೆ. ನಾನು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ. ಈ ಸಲ ಅರ್ಜಿಯನ್ನು ನಾನೇ ಓದಿ ಅಪ್ಪನಿಗೆ ಹೇಳುತ್ತೇನೆ.

ಇವತ್ತಿನ ಮನೆಗೆಲಸ: ರಾತ್ರಿ ಊಟ ಆದ ಮೇಲೆ ನಿಮ್ಮ ಮನೆಯ ಕಾಗದ ತೆಗೆಸಿ ಓದಿ. ತಮ್ಮ ತಂಗಿಯರದ್ದೂ ಓದಿ. ತಪ್ಪಿದ್ದರೆ ನಾಳೆ ಮುಖ್ಯೋಪಾಧ್ಯಾಯರಿಗೆ ತಿಳಿಸಿ. ಆದರೆ ಆಧಾರ್ ನಂಬರನ್ನು ಹಲಗೆಯ ಮೇಲಾಗಲಿ, ಈ ಪತ್ರಿಕೆಯ ಮೇಲಾಗಲಿ ಬರೆಯಬೇಡಿ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಕಾಗದದ ತಪ್ಪೂ ಹಾಗೇ.

ಇಂತಿ ನಿಮ್ಮ ಗೆಳತಿ,
ಏಳನೇ ತರಗತಿ