ನೆಲಮಾಳಿಗೆಯ ರೈಲುದಾರಿ

ಒಂದು ಛಾಯಾಚಿತ್ರವನ್ನು ಊಹಿಸಿಕೊಳ್ಳಬಹುದು. ಎರಡು ಕಡಿದಾದ ಬಂಡೆಗಳ ನಡುವೆ ಆಳವಾದ ಕಮರಿ. ಅದರ ಮೇಲೆ ತೊಲೆಗಳನ್ನು ಹೆಣೆದು ಕಟ್ಟಿದ ಸೇತುವೆ. ಸೇತುವೆಯ ನಡುಮಧ್ಯದಲ್ಲಿ ಮಸಿ ಹಿಡಿದ ಉಗಿ ಎಂಜಿನ್ನು, ಅದರ ಹಿಂದೆ ಬಣ್ಣ ಮಾಸಿದ ಸರಕು ಡಬ್ಬಿಗಳು. ಹಳಿಯ ಪಕ್ಕದಲ್ಲಿ ಒಬ್ಬ ಕೆಲಸಗಾರನು ಸಲಿಕೆಯನ್ನು ಊರಿಕೊಂಡು, ಗಾಡಿ ದಾಟಿಹೋಗಲೆಂದು ಕಾಯುತ್ತಿದ್ದಾನೆ. ಚಿತ್ರವನ್ನು ನೋಡಿದವರು ಇದು ಅಮೆರಿಕದ ಪಶ್ಚಿಮ ಭಾಗದ ಯಾವುದೋ ಬೆಟ್ಟದ ಸೀಮೆಯೆಂದು ನಿಸ್ಸಂಶಯವಾಗಿ ಹೇಳಿಬಿಡುತ್ತಾರೆ. ಆದರೆ ಆ ಎಂಜಿನ್ನಿನ ಉದ್ದ ಒಂದು ಗೇಣು ಮಾತ್ರ. ಕೆಲಸಗಾರನ ಎತ್ತರ ಕಿರುಬೆರಳಿನ ಅರ್ಧಕ್ಕಿಂತಲೂ ಕಡಿಮೆ. ಬಂಡೆಗಳೆಲ್ಲವೂ ತಂತಿಬಲೆಯ ಮೇಲೆ ಬಳಿದ ಪ್ಲಾಸ್ಟರು. ಆ ಸೀಮೆಯೆಲ್ಲವೂ ಇರುವುದು ಒಂದು ಮನೆಯ ನೆಲಮಾಳಿಗೆಯಲ್ಲಿ.

ಇಂತಹ ಚಿತ್ರಗಳಿಂದ ಹೆಸರಾದವನು ಜಾನ್ ಆಲೆನ್. ಈತನು 1913ರಲ್ಲಿ ಅಮೆರಿಕದ ಮಿಸೌರಿ ರಾಜ್ಯದಲ್ಲಿ ಜನಿಸಿದನು. ವೃತ್ತಿಯಿಂದ ಛಾಯಾಗ್ರಾಹಕನಾಗಿದ್ದ ಆತನು ಎರಡನೆಯ ಮಹಾಯುದ್ಧ ಮುಗಿದ ಬಳಿಕ ಕ್ಯಾಲಿಫೋರ್ನಿಯದ ಕಡಲತೀರದ ಊರಾದ ಮಾಂಟೆರೆಯಲ್ಲಿ ನೆಲೆಸಿ, ತನ್ನ ಮಿಕ್ಕ ಬಾಳನ್ನು ಒಂದು ಪುಟ್ಟ ರೈಲುಮಾರ್ಗದ ನಿರ್ಮಾಣಕ್ಕೆ ಮೀಸಲಿಟ್ಟನು. ಆ ಮಾರ್ಗಕ್ಕೆ ಆತನಿಟ್ಟ ಹೆಸರು 'ಗೋರಿ ಅಂಡ್ ಡಿಫೀಟೆಡ್'. ಬರೆಯುವಾಗ ಊರುಗಳ ಹೆಸರಿನಂತೆ ಕಾಣುವ ಹಾಗೆ ಅಕ್ಷರಗಳನ್ನು ಬದಲಿಸಿದ್ದರೂ, ಗಟ್ಟಿಯಾಗಿ ಓದಿದಾಗ 'ನೆತ್ತರು ಹರಿದು ಸೋತದ್ದು' ಎಂಬ ಅರ್ಥ ಹೊರಡುತ್ತಿತ್ತು. ವಿನೋದಪ್ರಿಯನಾದ ಆಲೆನ್ನನು ತನ್ನ ನಿಲ್ದಾಣದಲ್ಲಿ ಡಬ್ಬಿಗಳನ್ನು ಅತ್ತಿತ್ತ ಎಳೆಯುವ ಕೆಲಸಕ್ಕೆ ಎಂಜಿನ್ನಿನ ಬದಲು ಒಂದು ಡೈನೋಸಾರನ್ನೂ ನಿಲ್ಲಿಸಿದ್ದನು. ಬೆನ್ನಿನ ಮೇಲೆ ಫಲಕಗಳುಳ್ಳ ಸ್ಟೆಗೋಸಾರಸ್ ಜಾತಿಯ ಆ ಪ್ರಾಣಿಯ ಹೆಸರು ಎಮ್ಮಾ, ಅದರ ಸಂಖ್ಯೆ 13!

ಮಾದರಿ ರೈಲನ್ನು ಆಟದ ಸಾಮಾನೆಂದು ಭಾವಿಸುವವರು ಹಲವರು. ಕೀಲಿ ಕೊಟ್ಟರೆ ಗುಂಡಗೆ ಸುತ್ತುವ ತಗಡಿನ ರೈಲಿಗೂ ಆಲೆನ್ನನ ರೈಲಿಗೂ ಇರುವ ಅಂತರ ಅಳತೆಯ ನಿಷ್ಠೆಯಲ್ಲಿದೆ. ಆತನು ಆರಿಸಿಕೊಂಡ ಪ್ರಮಾಣಕ್ಕೆ 'ಎಚ್‌ಓ' ಎಂದು ಹೆಸರು. ಅದರಲ್ಲಿ ಪ್ರತಿಯೊಂದು ವಸ್ತುವೂ ನಿಜ ವಸ್ತುವಿನ ಎಂಬತ್ತೇಳನೆಯ ಒಂದು ಪಾಲು. 1435 ಮಿಲಿಮೀಟರು ಅಗಲದ ಹಳಿಯ ಅಂತರ ಇಲ್ಲಿ 16.5 ಮಿಲಿಮೀಟರಿಗೆ ಇಳಿಯುತ್ತದೆ. ಸಾಧಾರಣ ಎತ್ತರದ ಮನುಷ್ಯನು 20 ಮಿಲಿಮೀಟರು ಎತ್ತರದವನಾಗುತ್ತಾನೆ. ಇಷ್ಟರವರೆಗೆ ಲೆಕ್ಕ ಸುಲಭ. ಆದರೆ ಸಾವಿರ ಮೀಟರು ಎತ್ತರದ ಬೆಟ್ಟವನ್ನು ಇದೇ ಲೆಕ್ಕದಲ್ಲಿ ಕಟ್ಟಹೋದರೆ ಅದು ಹನ್ನೊಂದೂವರೆ ಮೀಟರು ಎತ್ತರವಾಗಿ ಮನೆಯ ಚಾವಣಿಯನ್ನು ಒಡೆದು ಹೊರಬರಬೇಕಾಗುತ್ತದೆ. ಹತ್ತು ಕಿಲೋಮೀಟರು ದೂರದ ಎರಡು ಊರುಗಳ ನಡುವೆ ನೂರು ಮೀಟರಿಗೂ ಮಿಕ್ಕಿ ಹಳಿ ಹಾಸಬೇಕಾಗುತ್ತದೆ. ಆದುದರಿಂದ ಎಂಜಿನ್ನನ್ನು ಅಳತೆಯಿಂದ ಕಟ್ಟಿದರೆ ಸಾಕು; ಪ್ರಕೃತಿಯನ್ನು ಮಾತ್ರ ಕಣ್ಣಿಗೆ ಮಂಕುಬೂದಿ ಎರಚಿಯೇ ಕಟ್ಟಬೇಕು.

ಆಲೆನ್ನನ ಕೈಚಳಕ ಇದ್ದುದು ಇಲ್ಲಿಯೇ. ಅಂದಿನ ಮಾದರಿ ರೈಲುಗಳು ಬಹುಮಟ್ಟಿಗೆ ಮೇಜಿನ ಎತ್ತರದ ಹಲಗೆಯ ಮೇಲೆ ಹರಡಿಕೊಂಡಿರುತ್ತಿದ್ದುವು. ಆತನಾದರೋ ಬೆಟ್ಟಗಳನ್ನು ನೆಲದಿಂದಲೇ ಎಬ್ಬಿಸಿ ಚಾವಣಿಯವರೆಗೂ ಒಯ್ದನು. ಬಂದವರು ಬೆಟ್ಟಗಳನ್ನು ಮೇಲಿನಿಂದ ಬಗ್ಗಿ ನೋಡುತ್ತಿರಲಿಲ್ಲ. ಕಣಿವೆಯೊಳಗೆ ನಿಂತು ತಲೆಯೆತ್ತಿ ನೋಡುತ್ತಿದ್ದರು. ಹತ್ತಿರದ ಮನೆಗಳನ್ನು ಸರಿಯಾದ ಅಳತೆಯಲ್ಲಿ ಕಟ್ಟಿ, ಹಿಂದಿನವುಗಳನ್ನು ಸ್ವಲ್ಪ ಸ್ವಲ್ಪವೇ ಕಿರಿದಾಗಿಸುತ್ತ ಹೋದರೆ ಒಂದು ಮೊಳದ ಬೀದಿಯೂ ಅರ್ಧ ಮೈಲಿಯಂತೆ ಕಾಣುತ್ತದೆ. ಎಲ್ಲಿ ಬೀದಿ ಗೋಡೆಗೆ ತಾಗಿ ನಿಲ್ಲುವುದೋ ಅಲ್ಲಿ ಆತನು ಕನ್ನಡಿಯನ್ನು ನಿಲ್ಲಿಸುತ್ತಿದ್ದನು. ಬೀದಿ ಕನ್ನಡಿಯೊಳಗೆ ಮುಂದುವರಿದು ಇಮ್ಮಡಿಯಾಗುತ್ತಿತ್ತು. ಕನ್ನಡಿಯೊಳಗಿನ ಗಂಟು ಕೈಗೆ ಬಾರದೆಂಬುದು ನಮ್ಮಲ್ಲಿಯ ಮಾತು. ಆಲೆನ್ನನಿಗೆ ಅದು ಕಣ್ಣಿಗೆ ಬಂದರೆ ಸಾಕಾಗಿತ್ತು. ಆದರೆ ಕನ್ನಡಿಯ ಮುಂದೆ ಅಂಗಡಿಯ ಹೆಸರುಹಲಗೆ ಇರಬಾರದು, ಇದ್ದರೆ ಅಕ್ಷರಗಳು ತಿರುವುಮುರುವಾಗಿ ಗುಟ್ಟು ರಟ್ಟಾಗುತ್ತದೆ. ನೋಡುವವನ ಮುಖವೂ ಅದರಲ್ಲಿ ಕಾಣಬಾರದು. ಸೇತುವೆಯ ಹಿಂದೆ, ಕಟ್ಟಡದ ಮೂಲೆಯಲ್ಲಿ, ಅಂಚು ಕಾಣದಂತೆ ಅದನ್ನು ಹುದುಗಿಸುವುದು ತಾಳ್ಮೆಯ ಕೆಲಸ.

ನವರಾತ್ರಿಯಲ್ಲಿ ಗೊಂಬೆ ಕೂರಿಸುವ ಮನೆಗಳ ಮಕ್ಕಳಿಗೆ ಈ ವಿದ್ಯೆ ಪೂರ್ತಿ ಹೊಸದಲ್ಲ. ತಟ್ಟೆಯಲ್ಲಿ ಮಣ್ಣು ಹರಡಿ, ರಾಗಿ ಚೆಲ್ಲಿ ಮೊಳಕೆ ಬರಿಸಿ ಹುಲ್ಲುಗಾವಲು ಮಾಡುವವರು, ಒಡೆದ ಕನ್ನಡಿಯ ಚೂರನ್ನು ಕೊಳವೆಂದು ಇಡುವವರು ಅವರೇ ಅಲ್ಲವೆ? ಮಾದರಿ ರೈಲಿನವರೂ ಹೀಗೆಯೇ ಬೀದಿಯಲ್ಲಿ ಬಿದ್ದುದನ್ನು ಆಯ್ದುಕೊಳ್ಳುತ್ತಾರೆ. ಒಣಗಿದ ಕಳೆಗಿಡದ ಕವಲು ಮರವಾಗುತ್ತದೆ. ನುಣ್ಣಗೆ ಜರಡಿ ಹಿಡಿದ ಮಣ್ಣನ್ನು ತೆಳುವಾದ ಅಂಟಿನ ನೀರಿನಿಂದ ಕೂರಿಸಿದರೆ ಬಯಲು ಸಿದ್ಧವಾಯಿತು. ಜರಡಿ ಹಿಡಿಯದಿದ್ದರೆ ಕೆಲಸ ಕೆಟ್ಟಿತು. ಏಕೆಂದರೆ ಒಂದು ಮಿಲಿಮೀಟರಿನ ಮರಳಿನ ಕಣವು ಆ ಲೋಕದಲ್ಲಿ 87 ಮಿಲಿಮೀಟರಿನ ಕಲ್ಲು. ಎಂಜಿನ್ನಿನ ಬೆನ್ನಿಗೆ ತುಂಬಿದ ಇದ್ದಿಲು ನಿಜವಾದ ಇದ್ದಿಲೇ, ಕುಟ್ಟಿ ಪುಡಿಮಾಡಿದುದು. ನೀರೊಂದನ್ನು ಮಾತ್ರ ನೀರಿನಿಂದ ಮಾಡಲಾಗದು. ನಿಜವಾದ ನೀರಿನ ಹನಿ ತನ್ನ ಗಾತ್ರವನ್ನು ಕುಗ್ಗಿಸಿಕೊಳ್ಳುವುದಿಲ್ಲ. ಅದರ ಅಲೆಗಳೂ ದಡಕ್ಕೆ ಅಂಟಿ ಮೇಲೇರುವ ಅಂಚೂ ಒಡನೆಯೇ ಅದು ಬೋಗುಣಿಯ ನೀರೆಂದು ಸಾರಿಬಿಡುತ್ತವೆ. ಆದುದರಿಂದ ಹೊಳೆಯ ತಳಕ್ಕೆ ಬಣ್ಣ ಬಳಿದು, ಮೇಲೆ ವಾರ್ನಿಷನ್ನು ಪದರ ಪದರವಾಗಿ ಹಚ್ಚುತ್ತಾರೆ. ಹೊಳಪು ಬರುತ್ತದೆ, ಆಳ ಬಂದಂತೆ ತೋರುತ್ತದೆ.

ಆಲೆನ್ನನು ಮಾಡಿದ ಮತ್ತೊಂದು ಕೆಲಸವು ಅಂದಿನ ಹವ್ಯಾಸಿಗಳಲ್ಲಿ ಕೆಲವರನ್ನು ಬೆರಗುಗೊಳಿಸಿತು, ಕೆಲವರಿಗೆ ಇರುಸುಮುರುಸನ್ನೂ ಉಂಟುಮಾಡಿತು. ಹಣ ಕೊಟ್ಟು ತಂದ ಹೊಳೆಯುವ ಗಾಡಿಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಒರೆಸಿ ಕಾಪಾಡುವವರೇ ಹೆಚ್ಚಾಗಿದ್ದ ಕಾಲವದು. ಆತನು ಅವುಗಳನ್ನು ಬೇಕೆಂದೇ ಕೊಳೆಮಾಡಿದನು. ಸೀಮೆಸುಣ್ಣದ ಪುಡಿಯಿಂದ ಧೂಳು, ತೆಳುವಾದ ಕಪ್ಪು ಬಣ್ಣದಿಂದ ಮಸಿ, ಕಂದು ಬಣ್ಣದಿಂದ ತುಕ್ಕು! ಮಳೆ ಬಿಸಿಲುಗಳಲ್ಲಿ ಇಪ್ಪತ್ತು ವರ್ಷ ದುಡಿದ ಡಬ್ಬಿ ಹೊಸದಾಗಿರಲು ಸಾಧ್ಯವಿಲ್ಲ ಎಂಬುದು ಇದರ ಹಿಂದಿನ ಸರಳ ವಿವೇಕ. ವಸ್ತುವಿನ ಆಕಾರವನ್ನು ಕುಗ್ಗಿಸುವುದು ಯಂತ್ರಕ್ಕೂ ಸಾಧ್ಯ. ಅದರ ವಯಸ್ಸನ್ನು ಕಂಡು ಹಿಡಿದು ಮೈಮೇಲೆ ಬರೆಯುವುದಕ್ಕೆ ಮನುಷ್ಯನೇ ಬೇಕು. ಛಾವಣಿಯ ಯಾವ ಭಾಗದಿಂದ ನೀರು ಇಳಿದು ಗೋಡೆಯ ಮೇಲೆ ಗೆರೆ ಮೂಡುತ್ತದೆ, ಬಾಗಿಲಿನ ಯಾವ ಕಡೆ ಕೈ ತಾಗಿ ಬಣ್ಣ ಸವೆಯುತ್ತದೆ ಎಂಬುದನ್ನು ನಿಜವಾದ ಊರುಗಳಲ್ಲಿ ನೋಡಿ ತಿಳಿದವನಿಗೆ ಮಾತ್ರ ಅದು ಒಲಿಯುತ್ತದೆ.

ಕಟ್ಟಿದ ದೃಶ್ಯವನ್ನು ಛಾಯಾಚಿತ್ರದಲ್ಲಿ ಹಿಡಿಯುವುದು ಕಟ್ಟುವುದರಷ್ಟೇ ಕಠಿಣ. ಎದುರಿಗೆ ನಿಂತವನ ಕಣ್ಣು ಉದಾರಿಯಾದುದು. ಅದು ಸಣ್ಣಪುಟ್ಟ ಲೋಪಗಳನ್ನು ಮನ್ನಿಸಿ ತನಗೆ ಬೇಕಾದುದನ್ನು ನೋಡುತ್ತದೆ. ಕ್ಯಾಮೆರಾ ಏನನ್ನೂ ಮನ್ನಿಸದು. ಹೆಚ್ಚಾಗಿ ಹಚ್ಚಿದ ಅಂಟು, ಬೆರಳಿನ ಗುರುತು, ಹಳಿಯ ಮೇಲೆ ಬಿದ್ದ ಒಂದು ಹತ್ತಿಯ ಎಳೆ, ಎಲ್ಲವೂ ಅದರಲ್ಲಿ ದೊಡ್ಡದಾಗಿ ಕಾಣುತ್ತವೆ. ಸೇತುವೆಯ ಕಂಬದ ಮೇಲೆ ಹಗ್ಗದಂತೆ ಬಿದ್ದಿರುವುದು ಮನುಷ್ಯನ ಕೂದಲೆಂದು ಗೊತ್ತಾದ ಮೇಲೆ ಇಡೀ ಬೆಟ್ಟವೇ ಪ್ಲಾಸ್ಟರಾಗಿ ಬಿಡುತ್ತದೆ.

ಅದಕ್ಕಿಂತ ದೊಡ್ಡ ತೊಡಕು ಮಸೂರದ್ದು. ಮಸೂರವು ಒಂದು ನಿರ್ದಿಷ್ಟ ದೂರದ ವಸ್ತುವನ್ನು ಮಾತ್ರ ಸ್ಪಷ್ಟವಾಗಿ ಬಿಂಬಿಸುತ್ತದೆ. ಅದಕ್ಕೆ ಹಿಂದಿನದೂ ಮುಂದಿನದೂ ಮಸುಕಾಗುತ್ತವೆ. ನಿಜವಾದ ರೈಲನ್ನು ಇಪ್ಪತ್ತೆರಡು ಮೀಟರು ದೂರದಿಂದ ಚಿತ್ರಿಸಿದಾಗ ಈ ಮಸುಕು ಅಷ್ಟಾಗಿ ತೋರುವುದಿಲ್ಲ. ಮಾದರಿಯಲ್ಲಿ ಅದೇ ನೋಟವನ್ನು ಪಡೆಯಲು ಕ್ಯಾಮೆರಾ ಎಂಜಿನ್ನಿನಿಂದ 25 ಸೆಂಟಿಮೀಟರು ದೂರದಲ್ಲಿರಬೇಕು. ವಸ್ತು ಇಷ್ಟು ಹತ್ತಿರವಾದೊಡನೆ ಎಂಜಿನ್ನಿನ ಮೂತಿ ಸ್ಪಷ್ಟವಾದರೆ ಹಿಂದಿನ ಡಬ್ಬಿ ಮಂಜಾಗುತ್ತದೆ, ಬೆಟ್ಟವಂತೂ ಕರಗಿಯೇ ಹೋಗುತ್ತದೆ. ಆ ಮಂಜೇ ಇದು ಆಟಿಕೆಯೆಂದು ನೋಡುವವನಿಗೆ ಚಾಡಿ ಹೇಳುತ್ತದೆ. ಇದಕ್ಕೆ ಪರಿಹಾರ ಬೆಳಕು ಬರುವ ರಂಧ್ರವನ್ನು ಕಿರಿದಾಗಿಸುವುದು. ರಂಧ್ರ ಕಿರಿದಾದಷ್ಟೂ ಹತ್ತಿರದ ಮತ್ತು ದೂರದ ವಸ್ತುಗಳೆರಡೂ ಸ್ಪಷ್ಟವಾಗುತ್ತ ಬರುತ್ತವೆ. ಆದರೆ ಒಳಗೆ ಬರುವ ಬೆಳಕೂ ಅಷ್ಟೇ ಕಡಿಮೆಯಾಗುವುದರಿಂದ ಫಿಲ್ಮಿಗೆ ಬಹಳ ಹೊತ್ತು, ಕೆಲವೊಮ್ಮೆ ನಿಮಿಷಗಟ್ಟಲೆ, ಬೆಳಕನ್ನು ಉಣಿಸಬೇಕು. ಅಷ್ಟು ಹೊತ್ತೂ ಕ್ಯಾಮೆರಾ ಕದಲಬಾರದು. ಮನೆಯಲ್ಲಿ ಯಾರೂ ಧಡಧಡನೆ ನಡೆಯಬಾರದು. ರಂಧ್ರವನ್ನು ಮಿತಿಮೀರಿ ಕಿರಿದು ಮಾಡಿದರೂ ಕೇಡೇ, ಬೆಳಕು ರಂಧ್ರದ ಅಂಚಿನಲ್ಲಿ ಬಾಗಿ ಚಿತ್ರವೆಲ್ಲ ಮೃದುವಾಗಿ ಬಿಡುತ್ತದೆ. ಇಂದಿನ ಹವ್ಯಾಸಿಗಳು ಒಂದೇ ನೋಟವನ್ನು ಬೇರೆ ಬೇರೆ ದೂರಗಳಿಗೆ ಹೊಂದಿಸಿ ಹಲವು ಚಿತ್ರಗಳನ್ನು ತೆಗೆದು, ಪ್ರತಿಯೊಂದರ ಸ್ಪಷ್ಟ ಭಾಗವನ್ನು ಗಣಕದಲ್ಲಿ ಜೋಡಿಸಿಕೊಳ್ಳುತ್ತಾರೆ. ಆಲೆನ್ನನ ಕಾಲದಲ್ಲಿ ಆ ಅನುಕೂಲ ಇರಲಿಲ್ಲ.

ಬೆಳಕಿನ ವಿಚಾರದಲ್ಲಿಯೂ ಎಚ್ಚರ ಬೇಕು. ಆಕಾಶದಲ್ಲಿ ಸೂರ್ಯನು ಒಬ್ಬನೇ. ಮಾದರಿಯ ಮೇಲೆ ನಾಲ್ಕು ದೀಪಗಳನ್ನು ಹಿಡಿದರೆ ಒಬ್ಬ ಕೂಲಿಯಾಳಿಗೆ ನಾಲ್ಕು ನೆರಳುಗಳಾಗುತ್ತವೆ. ಒಂದೇ ದೀಪವಾದರೂ ತೀರ ಹತ್ತಿರವಿದ್ದರೆ ಕಂಬಗಳ ನೆರಳುಗಳು ಬೀಸಣಿಗೆಯ ಕಡ್ಡಿಗಳಂತೆ ಚದುರಿಕೊಳ್ಳುತ್ತವೆ. ದೀಪವನ್ನು ದೂರ ಸರಿಸಿದಾಗಲೇ ನೆರಳುಗಳು ಸಾಲಾಗಿ ಒಂದೇ ಕಡೆಗೆ ಮಲಗುವುದು. ಬೆಟ್ಟದ ನೆರಳು ಹಿಂದಿನ ಗೋಡೆಯ ಆಕಾಶದ ಮೇಲೆ ಬಿತ್ತೆಂದರೆ ಆಕಾಶವು ಗೋಡೆಯಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾದುದು ಕ್ಯಾಮೆರಾ ನಿಲ್ಲುವ ಎತ್ತರ. ಅದು ಮೇಲಿದ್ದರೆ ವಿಮಾನದಿಂದ ನೋಡಿದಂತಾಗುತ್ತದೆ. ಆ ಲೋಕದ ಎರಡು ಸೆಂಟಿಮೀಟರಿನ ಮನುಷ್ಯನ ಕಣ್ಣಿನ ಮಟ್ಟಕ್ಕೆ ಇಳಿಸಿದರೆ ನೋಡುವವನು ಆ ಊರಿನ ಪ್ಲಾಟ್‌ಫಾರಂ ಮೇಲೆ ನಿಂತಂತಾಗುತ್ತದೆ.

ವೃತ್ತಿಯಲ್ಲಿ ಕಲಿತ ಈ ಎಲ್ಲ ತಿಳಿವಳಿಕೆಯನ್ನೂ ಆಲೆನ್ನನು ತನ್ನ ಹವ್ಯಾಸಕ್ಕೆ ತಂದನು. ಆತನ ಚಿತ್ರಗಳು 'ಮಾಡೆಲ್ ರೈಲ್‌ರೋಡರ್' ಮೊದಲಾದ ಪತ್ರಿಕೆಗಳಲ್ಲಿ ಅಚ್ಚಾದುವು. ಮಾದರಿ ರೈಲುಗಳನ್ನು ತಯಾರಿಸುತ್ತಿದ್ದ ವಾರ್ನಿ ಎಂಬ ಸಂಸ್ಥೆಯ ಜಾಹೀರಾತುಗಳಲ್ಲಿಯೂ ಬಂದುವು. ಮಾಂಟೆರೆಗೆ ಎಂದೂ ಹೋಗದ ಸಾವಿರಾರು ಮಂದಿಗೆ ಆತನ ಬೆಟ್ಟ ಕಣಿವೆಗಳು ಪರಿಚಿತವಾದುವು. ಆತನು ಕಟ್ಟಿದ ಮೊದಲನೆಯ ಮಾರ್ಗ ಒಂದು ಮಂಚದಷ್ಟೇ ಇತ್ತು. 1950ರ ದಶಕದಲ್ಲಿ ಹೊಸ ಮನೆಯ ನೆಲಮಾಳಿಗೆಯಲ್ಲಿ ದೊಡ್ಡ ಮಾರ್ಗವನ್ನು ಆರಂಭಿಸಿದಾಗ ಆತನು ಆ ಹಳೆಯ ತುಂಡನ್ನು ಎಸೆಯದೆ ಹೊಸದರೊಳಗೆ ಸೇರಿಸಿಕೊಂಡನು. ಮುಂದಿನ ಹತ್ತೊಂಬತ್ತು ಇಪ್ಪತ್ತು ವರ್ಷ ಅದೇ ಕೆಲಸ. ಗೆಳೆಯರು ಬರುತ್ತಿದ್ದರು, ಒಬ್ಬೊಬ್ಬರು ಒಂದೊಂದು ನಿಲ್ದಾಣವನ್ನು, ಒಂದೊಂದು ಗಾಡಿಯನ್ನು ವಹಿಸಿಕೊಂಡು, ನಿಜವಾದ ರೈಲಿನವರಂತೆ ವೇಳೆ ನೋಡಿ ಗಾಡಿಗಳನ್ನು ಓಡಿಸುತ್ತಿದ್ದರು.

1973ರ ಜನವರಿ 6ರಂದು ಆಲೆನ್ನನು ಹೃದಯಾಘಾತದಿಂದ ತೀರಿಕೊಂಡನು. ಆಗ ಆತನಿಗೆ ಐವತ್ತೊಂಬತ್ತು ವರ್ಷ. ಅದಾದ ಕೆಲವೇ ದಿನಗಳಲ್ಲಿ ಆ ಮನೆಯಲ್ಲಿ ಆಕಸ್ಮಿಕವಾಗಿ ಬೆಂಕಿ ಹತ್ತಿಕೊಂಡಿತು. ಒಣಗಿದ ಮರ, ಕಾಗದ, ಬಣ್ಣ, ಅಂಟುಗಳಿಂದಾದ ಬೆಟ್ಟಗಳು ಬೆಂಕಿಯ ಮುಂದೆ ಎಷ್ಟು ಹೊತ್ತು ನಿಂತಾವು? ನೆಲದಿಂದ ಚಾವಣಿಯವರೆಗೆ ಎದ್ದಿದ್ದ ಸೀಮೆಯ ಬಹುಪಾಲು ಬೂದಿಯಾಯಿತು. ಅದನ್ನು ಕಟ್ಟಿದವನೂ ಇಲ್ಲ, ಅದೂ ಇಲ್ಲ.

ಉಳಿದುದು ಛಾಯಾಚಿತ್ರಗಳು. ಆ ಪತ್ರಿಕೆಯ ಸಂಪಾದಕನಾಗಿದ್ದ ಲಿನ್ ವೆಸ್ಟ್‌ಕಾಟ್ ಎಂಬಾತನು ಅವುಗಳನ್ನೂ ಆಲೆನ್ನನ ವಿಚಾರಗಳನ್ನೂ ಕಲೆಹಾಕಿ ಒಂದು ಗ್ರಂಥವನ್ನು ರಚಿಸಿದನು. ಅದು 1981ರಲ್ಲಿ ಪ್ರಕಟವಾಯಿತು. ಅಷ್ಟರೊಳಗೆ ವೆಸ್ಟ್‌ಕಾಟನೂ ಕಾಲವಾಗಿದ್ದನು. ಆಲೆನ್ನನ ಮಾರ್ಗವನ್ನು ಕಣ್ಣಾರೆ ಕಾಣದವರು ಇಂದಿಗೂ ಆ ಚಿತ್ರಗಳನ್ನು ಮುಂದಿಟ್ಟುಕೊಂಡು, ಹಳಿಯ ಅಗಲವನ್ನೋ ಡಬ್ಬಿಯ ಉದ್ದವನ್ನೋ ಅಳತೆಗೋಲಾಗಿ ಹಿಡಿದು, ಸೇತುವೆಯ ಎತ್ತರವೆಷ್ಟು, ಬಂಡೆಯ ಓರೆಯೆಷ್ಟು ಎಂದು ಲೆಕ್ಕ ಹಾಕುತ್ತಾರೆ. ಕನ್ನಡಿ ಎಲ್ಲಿ ಹುದುಗಿದ್ದಿತೆಂದು ಹುಡುಕುತ್ತಾರೆ. ಎಷ್ಟೋ ಚಿತ್ರಗಳಲ್ಲಿ ಅದು ಸಿಕ್ಕುವುದಿಲ್ಲ.