ಹೊಗೆ ಮಾಂಸಕ್ಕೆ, ನಮಗಲ್ಲ

ಹಿತ್ತಲಲ್ಲಿ ಮಾಂಸಕ್ಕೆ ಹೊಗೆ ಕೊಡೋಕೆ ಅಂತ ನಾವು ಅಡುಗೆ ಎಣ್ಣೆಯ 200 ಲೀಟರ್ ಕಬ್ಬಿಣದ ಡ್ರಮ್ ತಂದ್ವಿ. ತಳದಲ್ಲಿ ಇದ್ದಿಲಿನ ಬುಟ್ಟಿ, ಪಕ್ಕದಲ್ಲಿ ಗಾಳಿಗೆ ತೂತು, ಮೇಲೆ ಮಾಂಸದ ಜಾಲರಿ, ಮುಚ್ಚಳದಲ್ಲಿ ಹೊಗೆಗೆ ದಾರಿ.

ಬುಟ್ಟಿಗೆ ಜಿಐ ಜಾಲರಿ ಕತ್ತರಿಸ್ತಿದ್ದಾಗ ವರ್ಕ್‌ಶಾಪ್ ಮೇಷ್ಟ್ರು ತಡೆದ್ರು: "ಅದಕ್ಕೆ ಸತುವಿನ ಲೇಪ ಇದೆ ಕಣ್ರೋ!"

ಡ್ರಮ್ಮಿನೊಳಗೆ ಬರೀ 110 ಡಿಗ್ರಿ, ಸತು ಕರಗೋದು 419ಕ್ಕೆ, ಭಯ ಏನು ಅಂದ್ವಿ. ಲೆಕ್ಕ ಸರಿ, ಜಾಗ ತಪ್ಪು. 110 ಇರೋದು ಮಾಂಸದ ಹತ್ತಿರ. ಕೆಂಡಕ್ಕೆ ತಾಗಿದ ಜಾಲರಿ 419 ದಾಟಬಹುದು. ಲೇಪ ಸುಟ್ಟು ಬರುವ ಜಿಂಕ್ ಆಕ್ಸೈಡ್ ಹೊಗೆ ಕುಡಿದರೆ ಚಳಿ, ಜ್ವರ. ವೆಲ್ಡರ್‌ಗಳನ್ನ ಕೇಳಿ ನೋಡಿ.

ಲೇಪವಿಲ್ಲದ ಜಾಲರಿ ಹಾಕಿದ್ವಿ. ಒಳಗಿನ ಬಣ್ಣವನ್ನೂ ಮೊದಲೇ ಬಯಲಲ್ಲಿ ಸುಟ್ಟು ಉಜ್ಜಿದ್ವಿ. ಉರಿ ಜಾಸ್ತಿಯಾದ್ರೆ ನೀರು ಚಿಮುಕಿಸ್ಬೇಡಿ, ಗಾಳಿಯ ತೂತನ್ನ ಅರ್ಧ ಮುಚ್ಚಿ.